ಅಕ್ಕನ ಹವೆ, ತಂಗಿಯ ಹವೆ

ಇಲ್ಲದ ಒಂದು ಲೋಕವನ್ನು ಸಾಕುವುದು ನನ್ನ ಕೆಲಸ. ಸಂಬಳವೂ ಅದಕ್ಕೇ ಬರುತ್ತದೆ. ಹೀಗೆಂದಾಗ ನಮ್ಮ ಕಡೆಯ ನೆಂಟರು, ಓದಿ ಓದಿ ಇವಳ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಾರೆ. ಅವರ ತಪ್ಪೇನೂ ಇಲ್ಲ.

ಕಾರವಾರದ ಗುಡ್ಡದ ಮೇಲೆ ನಮ್ಮ ಕಡಲ ಮೋಡ ಕೇಂದ್ರವಿದೆ. ಅಲ್ಲಿಂದ ಕಣ್ಣಿಗೆ ಕಾಣದಷ್ಟು ದೂರದ ಸಮುದ್ರದಲ್ಲಿ ಆಳಿಲ್ಲದ ನೂರಾರು ದೋಣಿಗಳು ನೀರನ್ನು ಹೀರಿ, ಹೊಗೆಗಿಂತ ನವಿರಾದ ತುಂತುರು ಮಾಡಿ ಮೇಲಕ್ಕೆ ಊದುತ್ತವೆ. ನೀರು ಆರಿ ಉಪ್ಪಿನ ಕಣ ಉಳಿಯುತ್ತದೆ. ಆ ಕಣಗಳ ಸುತ್ತ ಮೋಡದ ಹನಿಗಳು ಸಣ್ಣಗೆ, ಒತ್ತೊತ್ತಾಗಿ ಕೂಡುತ್ತವೆ, ಮೋಡ ಬೆಳ್ಳಗಾಗುತ್ತದೆ. ಬೆಳ್ಳನೆಯ ಮೋಡ ಬಿಸಿಲನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಒಂದಿಷ್ಟು ಉಪ್ಪಿನ ಮಬ್ಬು ಗಾಳಿಯ ಜೊತೆ ತೇಲಿ ಒಳನಾಡಿಗೂ ಹೋಗುತ್ತದೆ. ಬೇಸಿಗೆ ಪೂರ್ತಿ ಹೀಗೆ ಸಿಂಪಡಿಸಿದರೆ ಕಲಬುರಗಿ, ರಾಯಚೂರಿನವರೆಗೂ ಉರಿ ತಗ್ಗುತ್ತದೆ.

ತಗ್ಗುತ್ತದೆ ಎಂದು ಗೊತ್ತಾಗುವುದು ಹೇಗೆ? ನಮ್ಮ ತಲೆಮೇಲಿರುವುದು ಒಂದೇ ಆಕಾಶ, ಅದೂ ಸಿಂಪಡಿಸಿದ ಆಕಾಶ. ಸಿಂಪಡಿಸದಿದ್ದರೆ ಏನಾಗುತ್ತಿತ್ತು ಎಂದು ಹೋಗಿ ನೋಡಿ ಬರಲು ಇನ್ನೊಂದು ಭೂಮಿ ಇಲ್ಲ. ಅದಕ್ಕೇ ಕಂಪ್ಯೂಟರಿನೊಳಗೆ ಎರಡು ಲೋಕ ಕಟ್ಟಿದ್ದೇವೆ. ಒಂದರಲ್ಲಿ ದೋಣಿಗಳಿವೆ, ಇನ್ನೊಂದರಲ್ಲಿ ಇಲ್ಲ. ಉಳಿದದ್ದೆಲ್ಲ ಒಂದೇ. ಕಂಟ್ರೋಲ್ ರೂಮಿನಲ್ಲಿ ಯಾರೋ ತಮಾಷೆಗೆ ಒಂದನ್ನು ಅಕ್ಕ, ಇನ್ನೊಂದನ್ನು ತಂಗಿ ಎಂದರು, ಹೆಸರು ನಿಂತೇಬಿಟ್ಟಿತು. ಅಕ್ಕ ದೋಣಿಯಿದ್ದವಳು, ದಿನಾ ಕಾಣುವ ಆಕಾಶಕ್ಕೆ ಹೊಂದಿಕೊಂಡು ನಡೆಯುವವಳು. ತಂಗಿ ಯಾರೂ ನೋಡದ ಲೋಕ. ತಂಗಿಯ ಬಿಸಿಲಿನಿಂದ ಅಕ್ಕನ ಬಿಸಿಲನ್ನು ಕಳೆದರೆ ಬರುವುದೇ ನಮ್ಮ ಸಾಧನೆ, ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವುದೂ ಅದೇ.

ತಂಗಿಯನ್ನು ನೋಡಿಕೊಳ್ಳುವವಳು ನಾನು, ಡಾಕ್ಟರ್ ಮಹಾನಂದಾ ಕಲಶೆಟ್ಟಿ, ಊರು ಶಹಾಬಾದ. ಅಲ್ಲಿ ನನಗೆ ನಿಜವಾದ ತಂಗಿಯೂ ಒಬ್ಬಳಿದ್ದಾಳೆ, ನೀಲಾಂಬಿಕಾ. ಅವಳ ಗಂಡ ಸಿದ್ಧಲಿಂಗ ಕಲ್ಲುಗಣಿಯಲ್ಲಿ ಹಾಸುಗಲ್ಲು ಎಬ್ಬಿಸುವ ತಂಡಕ್ಕೆ ಮುಖ್ಯಸ್ಥ. ಕಳೆದ ಮೇ ತಿಂಗಳಲ್ಲಿ ನೀಲಾಳ ಕೂಸು ಹೊಟ್ಟೆಯಲ್ಲೇ ಹೋಯಿತು. ಈ ಮೇ ತಿಂಗಳಲ್ಲಿ ಮತ್ತೆ ಎಂಟು ತುಂಬಿದೆ. ಹೀಗಾಗಿ ನಮ್ಮ ನಿರ್ದೇಶಕ ಶಾನಭಾಗರು ಕಾರಿಡಾರಿನಲ್ಲಿ ಸಿಕ್ಕಿ "ತಂಗಿ ಹೇಗಿದ್ದಾಳೆ ಮೇಡಂ?" ಎಂದು ಕೇಳಿದಾಗಲೆಲ್ಲ "ಯಾವ ತಂಗಿ ಸರ್?" ಎಂದು ನಾನು ತಿರುಗಿ ಕೇಳಬೇಕಾಗುತ್ತಿತ್ತು.

ಆ ವಾರ ಇಬ್ಬರೂ ಚೆನ್ನಾಗಿರಲಿಲ್ಲ.

"ಹ್ಯಾಂಗಿದ್ದಿ ನೀಲಾ?" ಎಂದೆ ಫೋನಿನಲ್ಲಿ.

"ಇದ್ದೀನಿ ನೋಡಕ್ಕಾ. ಝಳ ಏನಿಲ್ಲ ಈ ವರ್ಷ. ಎಲ್ಲಾ ನಿಮ್ಮಕ್ಕನ ಪುಣ್ಯ ಅಂತ ಓಣ್ಯಾಗ ಮಂದಿ ಅಂತಾರ. ಆದ್ರ ಕುದಿ ಭಾಳ ಅದ. ಮೈಮ್ಯಾಲಿನ ಬೆವರು ಆರಂಗೇ ಇಲ್ಲ. ಕೂಲರ್ ಹಚ್ಚಿದ್ರ ಇನ್ನಾ ಕುದೀತದ. ಒಂದು ರಾತ್ರಿ ನಿದ್ದಿ ಇಲ್ಲ, ಕಾಲು ಬಾತು ಗುಂಡಕಲ್ಲು ಆಗ್ಯಾವ."

"ಕೂಸು?"

ಅವಳು ತಡೆದು ಹೇಳಿದಳು: "ಹೊರಳಾಡೋದು ಕಮ್ಮಿ ಆಗ್ಯಾದಕ್ಕಾ. ಡಾಕ್ಟರಮ್ಮಗ ಹೇಳೀನಿ. ಮೈ ತಂಪಿಡ್ರಿ ಅಂದ್ರು. ಎಲ್ಲಿಂದ ತರ್ಲಿ ತಂಪು?"

ಕಾರವಾರಕ್ಕೆ ಕರೆಸಿಕೊಳ್ಳೋಣವೆಂದರೆ ಡಾಕ್ಟರು ಪ್ರಯಾಣ ಬೇಡವೆಂದಿದ್ದರು. ಬಂದಿದ್ದರೂ ಇಲ್ಲಿಯ ಸೆಕೆ ಅದಕ್ಕಿಂತ ಏನು ಕಡಿಮೆ.

ನಮ್ಮ ಕಡೆ ಝಳ ಬೇರೆ, ಕುದಿ ಬೇರೆ. ಝಳವೆಂದರೆ ಒಣ ಬಿಸಿ. ಹೊರಗೆ ಹೋದವರನ್ನು ಹೊಡೆಯುತ್ತದೆ, ಮನೆಯೊಳಗೆ ತಲೆಗೆ ಒದ್ದೆ ಪಂಚೆ ಸುತ್ತಿ ಕುಳಿತರೆ ಬದುಕಬಹುದು. ಕುದಿಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈಯೊಳಗಿನ ಬಿಸಿ ಹೊರಗೆ ಹೋಗುವ ದಾರಿಯೇ ಮುಚ್ಚಿದ ಹಾಗೆ. ನಾವು ಇದನ್ನು ಅಳೆಯುವುದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ. ಬಟ್ಟೆ ಆರುತ್ತಿದ್ದರೆ ಅದು ತೋರಿಸುವ ಅಂಕಿ ಕೆಳಗಿರುತ್ತದೆ, ಆರದಿದ್ದರೆ ಮೇಲೇರುತ್ತದೆ. ಶಹಾಬಾದದ ಆ ಒದ್ದೆ ಅಂಕಿ ಈ ಸಲ ಕಾರವಾರದ ಅಂಕಿಯ ಪಕ್ಕಕ್ಕೆ ಬಂದು ನಿಂತಿತ್ತು. ಸಮುದ್ರವೇ ಇಲ್ಲದ ಊರು ಅದು.

ಇದು ನಮ್ಮ ಸಿಂಪರಣೆಯ ಫಲವೋ, ಇಲ್ಲವೇ ಭೂಮಿ ಬಿಸಿಯೇರಿ ತಾನಾಗಿ ಆದದ್ದೋ? ತಂಗಿಯನ್ನು ಕೇಳಿದರೆ, ದೋಣಿ ಇರದಿದ್ದರೂ ಕುದಿ ಇಷ್ಟೇ ಇರುತ್ತಿತ್ತು, ಅದರ ಜೊತೆಗೆ ಬಿಸಿಲು ನಾಲ್ಕು ಡಿಗ್ರಿ ಹೆಚ್ಚಿರುತ್ತಿತ್ತು ಎನ್ನುತ್ತಿದ್ದಳು. ಆದರೆ ತಂಗಿಗೆ ನೆಲದ ಹತ್ತಿರದ ಗಾಳಿ ಹೇಗೆ ಬೀಸಬೇಕೆಂದು ಕಲಿಸಿದ್ದು ನಾವೇ. ಕಲಿಸಿದ್ದು ಎಲ್ಲಿಂದ? ಸಿಂಪರಣೆ ಶುರುವಾದ ಮೇಲಿನ ವರ್ಷಗಳ ಅಳತೆಯಿಂದ. ಕಾಣದ ಲೋಕದ ತೇವವನ್ನು ಕಂಡ ಲೋಕದಿಂದ ಎರವಲು ತಂದು ಕೂಡಿಸಿ, ನೋಡಿ ಎರಡರಲ್ಲೂ ತೇವ ಒಂದೇ ಇದೆ ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದೆವು. ನನ್ನ ಅನುಮಾನ ಹೀಗಿತ್ತು: ಬಿಸಿಲು ತಗ್ಗಿದ್ದರಿಂದ ನೆಲದ ಗಾಳಿ ಮೇಲಕ್ಕೆ ಏಳುತ್ತಿಲ್ಲ, ಮೇಲಿನ ಒಣಗಾಳಿ ಕೆಳಕ್ಕೆ ಇಳಿಯುತ್ತಿಲ್ಲ, ತೇವವೆಲ್ಲ ಮಂದಿಯ ಮೈಗೇ ಅಂಟಿ ನಿಂತಿದೆ.

ಶಾನಭಾಗರ ಹತ್ತಿರ ಹೋಗಿ ಹೇಳಿದೆ. ಎರಡೇ ದಿನ ನಿಲ್ಲಿಸಿ ನೋಡೋಣ, ಅಷ್ಟರಲ್ಲಿ ಗೊತ್ತಾಗುತ್ತದೆ ಎಂದೆ.

ಅವರು ಒಳ್ಳೆಯ ಮನುಷ್ಯರು. ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿ, ಚಹಾ ತರಿಸಿ, ಆಮೇಲೆ ಹೇಳಿದರು: "ನೀವು ಹೇಳುವುದು ಸರಿಯೇ ಇರಬಹುದು ಮಹಾನಂದಾ. ಆದರೆ ಒಂದು ನೋಡಿ. ಸಿಂಪಡಿಸುವಾಗ ಸತ್ತವರು ಬಿಸಿಲಿಗೆ ಸತ್ತವರು. ನಿಲ್ಲಿಸಿದ ದಿನ ಒಬ್ಬ ಸತ್ತರೂ ಅವನು ನಮ್ಮ ಕೈಯಲ್ಲಿ ಸತ್ತ ಹಾಗೆ. ಯಾರು ಸಹಿ ಹಾಕ್ತಾರೆ ಅದಕ್ಕೆ? ನಾನಂತೂ ಹಾಕುವವನಲ್ಲ ಮಾರಾಯ್ರೆ."

"ಸಿಂಪಡಿಸಿದ್ದರಿಂದಲೇ ಸಾಯ್ತಿದ್ದರೆ ಸರ್?"

"ತೋರಿಸಿ."

"ನಿಲ್ಲಿಸದೆ ಹೇಗೆ ತೋರಿಸ್ಲಿ?"

"ಅದೇ," ಎಂದು ಅವರು ಚಹಾ ಮುಗಿಸಿದರು. ನನಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಎರಡು ದಿನ ಕಳೆದ ಮೇಲೆ ನಿಲ್ಲಿಸುವ ಕೆಲಸವನ್ನು ನಮ್ಮ ಕನ್ನಡ ಭಾಷೆಯೇ ಮಾಡಿಕೊಟ್ಟಿತು.

ಆ ಬೆಳಿಗ್ಗೆ ದೋಣಿಗಳಿಗೂ ನಮಗೂ ನಡುವೆ ಸಂಪರ್ಕ ಕೊಡುವ ತೇಲುಗೋಪುರ ಯಾವುದೋ ಟ್ರಾಲರ್ ಬಲೆಗೆ ಸಿಕ್ಕಿ ಅಡ್ಡಬಿತ್ತು. ರಿಪೇರಿಗೆ ಮರುದಿನ ಸಂಜೆಯಾದೀತು ಎಂದರು. ಪರದೆಯ ಮೇಲೆ ದೋಣಿಗಳ ಸಾಲು ಕೊನೆಯ ಬಾರಿ ಹೇಗಿತ್ತೋ ಹಾಗೇ, ಎಲ್ಲವೂ ಹಸಿರಾಗಿ, ನಿಂತುಬಿಟ್ಟಿತು. ಪಾಳಿಯಲ್ಲಿದ್ದ ಲೋಕೇಶ್ ಮಂಡ್ಯ ಕಡೆಯವನು, ಕೆಲಸದಲ್ಲಿ ಹುಷಾರು. ವಾಲ್ವ್‌ಗಳು ತೆರೆದೇ ಇರಲಿ ಎಂದುಕೊಂಡು ವೈರ್‌ಲೆಸ್ಸಿನಲ್ಲಿ ತಾಯಿಹಡಗಿಗೆ ಹೇಳಿದ. ದೋಣಿಗಳ ನಡುವೆ ಆಳಿರುವ ಹಡಗು ಅದೊಂದೇ, ಅದರ ಎಂಜಿನಿಯರು ಬೈತಕೋಲದ ದೇವಿದಾಸ ಹರಿಕಂತ್ರ. ಹಡಗಿನಲ್ಲಿರುವ ಕಬ್ಬಿಣದ ಹಿಡಿಕೆಗಳನ್ನು ಕೈಯಾರೆ ತಿರುಗಿಸಿ ಎಲ್ಲ ದೋಣಿಗಳ ವಾಲ್ವನ್ನೂ ಅವರು ಒಟ್ಟಿಗೆ ತೆರೆದು ಮುಚ್ಚಬಲ್ಲರು.

ನಾನು ಪಕ್ಕದ ಮೇಜಿನಲ್ಲಿದ್ದೆ. ಕಿವಿಯ ಮೇಲೆ ಮಾತು ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

"ಅಣ್ಣ, ಲಿಂಕ್ ಹೋಗೈತೆ. ಎಲ್ಲಾ ವಾಲ್ವೂ ಹಾಕ್ಬುಡಿ."

"ಎಲ್ಲಾ ಹಾಕುದಾ?"

"ಒಂದೂ ಬಿಡ್ಬೇಡಿ. ಎಲ್ಲಾ ಹಾಕಿ."

ಸ್ವಲ್ಪ ಹೊತ್ತಿಗೆ ದೇವಿದಾಸರ ದನಿ ಬಂತು: "ಹಾಕಿದೆ ಮಾರಾಯ. ಗಟ್ಟಿ ಹಾಕಿದೆ."

"ಸೂಪರ್ ಅಣ್ಣ," ಎಂದ ಲೋಕೇಶ್.

ಮಧ್ಯಾಹ್ನ ಉಪಗ್ರಹದ ಚಿತ್ರ ಬಂದಾಗ ನಾನು ಅಕ್ಕನನ್ನು ಅದರ ಪಕ್ಕಕ್ಕಿಟ್ಟು ನೋಡಿದೆ. ದಿನಾ ಮಾಡುವ ಕೆಲಸ. ಅಕ್ಕ ಹೇಳಿದ ಕಡೆ ಮೋಡ ಬೆಳ್ಳಗಿರಬೇಕು. ಇರಲಿಲ್ಲ. ದೋಣಿಗಳ ಬೆನ್ನಹಿಂದೆ ಏಳುವ ಬಿಳಿ ಗೆರೆಗಳು ಮಾಸಿ ಮಾಯವಾಗುತ್ತಿದ್ದವು. ಅಕ್ಕ ಹದ ತಪ್ಪಿದ್ದಾಳೆ ಎಂದುಕೊಂಡು, ಎಲ್ಲಿ ತಪ್ಪಿದಳೆಂದು ಹುಡುಕಿದೆ. ಏನೂ ಸಿಗಲಿಲ್ಲ. ಏನೂ ತೋಚದೆ ತಂಗಿಯ ಚಿತ್ರ ತಂದು ಉಪಗ್ರಹದ ಚಿತ್ರದ ಪಕ್ಕ ಹಿಡಿದೆ.

ಎರಡೂ ಒಂದೇ ಇದ್ದವು.

ವರ್ಷಗಟ್ಟಲೆ ಕಂಪ್ಯೂಟರಿನೊಳಗೆ ಮಾತ್ರ ಇದ್ದ ಲೋಕ ಕಿಟಕಿಯ ಹೊರಗೆ ಬಂದು ನಿಂತಿತ್ತು. ಸಿಂಪರಣೆ ನಿಂತಿದೆ, ಯಾರಿಗೂ ಗೊತ್ತಿಲ್ಲ.

ಎದ್ದು ಲೋಕೇಶನ ಹತ್ತಿರ ಹೋದೆ. "ಬೆಳಿಗ್ಗೆ ದೇವಿದಾಸರಿಗೆ ಏನಂದಿರಿ?"

"ವಾಲ್ವ್ ಹಾಕಿ ಅಂದೆ ಮೇಡಂ. ಹಾಕವ್ರೆ. ಯಾಕೆ?"

ನನಗೆ ಆಗ ಬೆಳಿಗ್ಗೆಯ ಮಾತೆಲ್ಲ ಕಿವಿಯಲ್ಲಿ ಮತ್ತೆ ಕೇಳಿಸಿತು. ನಮ್ಮ ಭಾಷೆಯಲ್ಲಿ ಫ್ಯಾನು ಹಾಕಿದರೆ ತಿರುಗುತ್ತದೆ, ಬಾಗಿಲು ಹಾಕಿದರೆ ಮುಚ್ಚುತ್ತದೆ. ಲೋಕೇಶನಿಗೆ ವಾಲ್ವ್ ಎಂದರೆ ಪರದೆಯ ಮೇಲಿನ ಬಟನ್ನು. ಹಾಕುವುದೆಂದರೆ ಚಾಲೂ ಮಾಡುವುದು. ದೇವಿದಾಸರು ಅದರ ಕಬ್ಬಿಣವನ್ನು ಕೈಯಲ್ಲಿ ಹಿಡಿದು ತಿರುಗಿಸುವವರು. ಅವರಿಗೆ ಅದು ಬಾಗಿಲು. ಲಿಂಕ್ ಹೋಗಿದೆ, ಬಾಗಿಲು ಹಾಕು ಎಂದರೆ ಯಾವ ಎಂಜಿನಿಯರಿಗೂ ಅನುಮಾನ ಬರುವುದಿಲ್ಲ. ಇಬ್ಬರೂ ಸರಿಯಾಗಿಯೇ ಹೇಳಿದ್ದರು, ಸರಿಯಾಗಿಯೇ ಮಾಡಿದ್ದರು. ನಗು ಬರಬೇಕಾದ ಸಂಗತಿ.

"ಯಾಕೆ ಮೇಡಂ?" ಲೋಕೇಶ್ ಮತ್ತೆ ಕೇಳಿದ.

ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡೆ. "ಏನಿಲ್ಲ, ಸುಮ್ಮನೆ ಕೇಳಿದೆ."

ಅಷ್ಟೇ ನಾನು ಮಾಡಿದ್ದು. ಬಂದು ನನ್ನ ಕುರ್ಚಿಯಲ್ಲಿ ಕುಳಿತೆ. ಹೇಳಿದರೆ ಕ್ಷಣದಲ್ಲಿ ವಾಲ್ವ್ ತೆರೆಯುತ್ತಾರೆ, ಸಂಜೆಗೆ ಆಕಾಶ ಮತ್ತೆ ಬೆಳ್ಳಗಾಗುತ್ತದೆ, ನೀಲಾ ಆ ಕುದಿಯಲ್ಲೇ ಬೇಯುತ್ತಾಳೆ, ಆ ಕುದಿ ನಮ್ಮದೋ ಅಲ್ಲವೋ ಎಂದು ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಹೇಳದಿದ್ದರೆ ಮರುದಿನ ಸಂಜೆಯವರೆಗೆ ತಂಗಿಯ ಹವೆ ನಿಜಕ್ಕೂ ಬೀಸುತ್ತದೆ. ನನ್ನ ಅನುಮಾನ ಸರಿಯಿದ್ದರೆ ಒಣಗಾಳಿ ಇಳಿದು ಅವಳ ಬೆವರು ಆರುತ್ತದೆ. ಅನುಮಾನ ತಪ್ಪಾಗಿ ತಂಗಿಯೇ ಸರಿಯಿದ್ದರೆ ಕುದಿ ಹಾಗೇ ಇದ್ದು ಝಳವೂ ಸೇರುತ್ತದೆ. ಹಾಗಾದರೆ ನೀಲಾ ಉಳಿಯುವಳೋ ಇಲ್ಲವೋ ಹೇಳಲಾರೆ. ನನ್ನ ಒಡಹುಟ್ಟಿದವಳನ್ನೇ ಪ್ರಯೋಗದ ತಕ್ಕಡಿಯಲ್ಲಿ ಕೂರಿಸಿದ್ದೆ. ಆದರೂ ಎದ್ದು ಹೋಗಿ ಹೇಳಲಿಲ್ಲ. ಅವಳಿಗಾಗಿಯೇ ಹೇಳುತ್ತಿಲ್ಲ ಎಂದು ನನಗೆ ನಾನೇ ಅಂದುಕೊಂಡೆ. ಅದು ಪೂರ್ತಿ ನಿಜವಲ್ಲ. ನನಗೆ ಉತ್ತರ ಬೇಕಿತ್ತು.

ಸಂಜೆ ಇನ್ನೊಂದು ಕೆಲಸ ಬಾಕಿಯಿತ್ತು. ಮರುದಿನದ ಬಿಸಿಲಿನ ಮುನ್ಸೂಚನೆ ದಿನಾ ನಮ್ಮಲ್ಲಿಂದಲೇ ಹೋಗುತ್ತದೆ. ಅಕ್ಕ ಕೊಟ್ಟ ಅಂಕಿಯನ್ನು ಜಿಲ್ಲೆಜಿಲ್ಲೆಗೆ ಕಳಿಸಲು ನಾನು ಒಪ್ಪಿಗೆ ಒತ್ತಬೇಕು. ಗಣಿ, ರಸ್ತೆ ಕೆಲಸ, ಇಟ್ಟಿಗೆಭಟ್ಟಿಗಳೆಲ್ಲ ಅದನ್ನು ನೋಡಿಕೊಂಡೇ ನಡೆಯುತ್ತವೆ. ನಲವತ್ತಮೂರು ದಾಟುತ್ತದೆ ಎಂದರೆ ಹೊತ್ತೇರುವ ಮೊದಲೇ ಭೋಂಗಾ ಊದಿ ಎಲ್ಲರನ್ನೂ ಮನೆಗೆ ಕಳಿಸಬೇಕು. ಶಹಾಬಾದಕ್ಕೆ ಅಕ್ಕ ಹೇಳಿದ್ದು ನಲವತ್ತೊಂದು. ತಂಗಿ ಹೇಳಿದ್ದು ನಲವತ್ತೈದು.

ಬಟನ್ನಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತೆ. ತಂಗಿಯ ಅಂಕಿ ಕಳಿಸಿದರೆ, ನಾಲ್ಕು ಡಿಗ್ರಿ ಒಮ್ಮೆಲೇ ಯಾಕೆ ಏರಿತು ಎಂದು ಮರುಕ್ಷಣ ಶಾನಭಾಗರ ಫೋನು ಬರುತ್ತದೆ. ತಂಗಿ ಕುದಿಯ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದಾಳೆ ಎಂದ ಮೇಲೆ ಬಿಸಿಲಿನ ವಿಷಯದಲ್ಲೂ ಸುಳ್ಳಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಓದಿದವರಿಗೆ ಇಂಥ ಸಮಾಧಾನ ಬೇಗ ಸಿಗುತ್ತದೆ. ಅಕ್ಕನ ಅಂಕಿಗೆ ಒಪ್ಪಿಗೆ ಒತ್ತಿದೆ.

ಮನೆಗೆ ಹೋಗುತ್ತ ನೀಲಾಗೆ ಫೋನ್ ಮಾಡಿದೆ. "ನಾಳಿ ಹೊರಗ ಹೋಗಬ್ಯಾಡ. ಬಾಗಿಲಾ ಕಿಟಕಿ ನೆಳ್ಳು ಮಾಡ್ಕೊಂಡು ಒಳಗೇ ಇರು. ನೀರು ಕುಡಿ."

"ನಾ ಎಲ್ಲಿ ಹೋಗ್ಲೆಕ್ಕಾ ಈ ಹೊಟ್ಟಿ ಹೊತ್ಕೊಂಡು?" ಎಂದು ನಕ್ಕಳು. "ಯಾಕ, ನಾಳಿ ಏನದ?"

"ಏನಿಲ್ಲ, ಸುಮ್ಮ ಹೇಳ್ದೆ."

ಹಿಂದೆ ಸಿದ್ಧಲಿಂಗನ ದನಿ ಕೇಳುತ್ತಿತ್ತು, ಗಣಿಯ ಯಾರ ಜೊತೆಗೋ ನಾಳಿನ ಕೆಲಸದ ಮಾತು. ಅವನಿಗೂ ಒಂದು ಮಾತು ಹೇಳೋಣವೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವನು ಒಬ್ಬನೇ ಮನೆಯಲ್ಲಿ ಕೂರುವ ಆಸಾಮಿಯಲ್ಲ. ಅತ್ತಿಗೆ ಹೇಳಿದ್ದಾಳೆ ಎಂದು ತನ್ನ ತಂಡಕ್ಕೆಲ್ಲ ಹೇಳುತ್ತಾನೆ, ಅವರು ಬೇರೆ ಗಣಿಯವರಿಗೆ ಹೇಳುತ್ತಾರೆ, ಯಾರೋ ಒಬ್ಬರು ನಮ್ಮ ಕೇಂದ್ರಕ್ಕೇ ಫೋನ್ ಮಾಡಿ ಕೇಳುತ್ತಾರೆ. ಬಾಯಿ ಮುಚ್ಚಿಕೊಂಡೆ.

ಮರುದಿನ ಹೊತ್ತು ಹುಟ್ಟುವಾಗಲೇ ನೀಲಾಳ ಫೋನು.

"ಅಕ್ಕಾ, ರಾತ್ರಿ ನಿದ್ದಿ ಬಂತು ನೋಡು! ಎಷ್ಟು ದಿನ ಆಗಿತ್ತೋ. ಗಾಳಿ ಬಿಟ್ಟದ, ಒಣಾ ಗಾಳಿ. ಸೀರಿ ಸೆರಗು ಆರ್ಯಾದ, ಮೈ ಹಗೂರಾಗ್ಯಾದ. ಮತ್ತ ಒಂದು ಹೇಳ್ಲಿ? ಕೂಸು ರಾತ್ರಿಯೆಲ್ಲಾ ಒದ್ದದ. ಇವರು ಕೈ ಇಟ್ಟು ನೋಡಿ, ಇದು ಖಣಿ ಕೆಲಸಕ್ಕೇ ಹುಟ್ಟಲತ್ತದ ಅಂತ ನಗಲತ್ತಿದ್ರು."

ನಾನು ಅಡುಗೆಮನೆಯಲ್ಲಿ ನಿಂತೇ ಅತ್ತೆ. ಆಫೀಸಿಗೆ ಓಡಿದೆ. ಶಹಾಬಾದದ ಒದ್ದೆ ಅಂಕಿ ರಾತ್ರಿಯೇ ಇಳಿಯತೊಡಗಿ, ಕಲಬುರಗಿ, ಸೇಡಂ, ಯಾದಗಿರಿ ಎಲ್ಲ ಕಡೆ ಅದರ ಹಿಂದೆಯೇ ಇಳಿದಿತ್ತು. ಕುದಿ ತಂದವರು ನಾವೇ. ನಾವು ಬೆಳ್ಳಗೆ ಮಾಡಿದ ಆಕಾಶವೇ ಗಾಳಿಯನ್ನು ಕಟ್ಟಿಹಾಕಿತ್ತು. ತಂಗಿಗೆ ತೇವದ ಪಾಠ ತಪ್ಪಾಗಿ ಹೇಳಿಕೊಟ್ಟಿದ್ದೆವು, ಈಗ ಭೂಮಿಯೇ ತಿದ್ದಿತ್ತು. ಇಂಥ ಅಳತೆ ಜಗತ್ತಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಆ ಬೆಳಿಗ್ಗೆ ನನಗಾದ ಖುಷಿಯನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ನಿಜ.

ಒದ್ದೆ ಅಂಕಿಗಳ ಏರಿಳಿತದ ಗೆರೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚು ತೆಗೆದುಕೊಂಡು ಶಾನಭಾಗರ ಕೋಣೆಗೆ ಹೋದಾಗ ಹೊತ್ತು ನೆತ್ತಿ ದಾಟಿತ್ತು. ಅವರು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹಾಳೆ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ತಂಗಿಯದ್ದಾ?"

"ಅಲ್ಲ ಸರ್. ನಿಜದ ಅಳತೆ."

"ಯಾವತ್ತಿನದು?"

"ನಿನ್ನೆಯದು, ಇವತ್ತಿನದು. ನಿನ್ನೆ ಬೆಳಿಗ್ಗೆಯಿಂದ ವಾಲ್ವ್ ಮುಚ್ಚಿವೆ." ಹಾಕು ಎಂಬ ಮಾತಿನ ಕಥೆಯನ್ನು ಹೇಳಿದೆ. ನನಗೆ ನಿನ್ನೆ ಮಧ್ಯಾಹ್ನವೇ ಗೊತ್ತಾಗಿತ್ತು ಎಂದೂ ಹೇಳಿದೆ. ಬೈಯಲಿ, ಕೆಲಸದಿಂದ ತೆಗೆಯಲಿ, ಹಾಳೆಯಂತೂ ಮೇಜಿನ ಮೇಲಿದೆ ಎಂಬ ಧೈರ್ಯ ನನ್ನದು.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು.

"ನಿನ್ನೆ ಸಂಜೆ ಮುನ್ಸೂಚನೆಗೆ ಒಪ್ಪಿಗೆ ಕೊಟ್ಟವರು ಯಾರು?"

"ನಾನೇ ಸರ್."

"ಅಕ್ಕನದ್ದಾ, ತಂಗಿಯದ್ದಾ?"

ನಾನು ಉತ್ತರ ಕೊಡುವಷ್ಟರಲ್ಲಿ ಅವರಿಗೆ ತಿಳಿದುಹೋಗಿತ್ತು. "ಅಯ್ಯೋ ಮಾರಾಯ್ತೀ," ಎಂದು ಅವರು ಎದ್ದು ಪರದೆಯ ಹತ್ತಿರ ಹೋದರು. ಅವರು ನೋಡಿದ್ದು ಒದ್ದೆ ಅಂಕಿಯನ್ನಲ್ಲ. ನಾನು ಬೆಳಿಗ್ಗೆಯಿಂದ ನೋಡಲು ಮರೆತಿದ್ದ ಒಣ ಅಂಕಿಯನ್ನು ನೋಡಿದರು. ಶಹಾಬಾದದಲ್ಲಿ ನಲವತ್ತಾರಕ್ಕೆ ಹತ್ತಿರ. ಬಿಸಿಲಿನ ವಿಷಯದಲ್ಲಿ ತಂಗಿ ಸುಳ್ಳು ಹೇಳಿರಲಿಲ್ಲ, ಹೇಳಿದ್ದಕ್ಕಿಂತಲೂ ಹೆಚ್ಚೇ ಇತ್ತು. ಯಾವ ಗಣಿಯಲ್ಲೂ ಭೋಂಗಾ ಊದಿರಲಿಲ್ಲ. ಊದಬೇಡಿ ಎಂದು ಹೇಳಿದವಳು ನಾನೇ.

ಶಾನಭಾಗರು ಫೋನೆತ್ತಿ ಜಿಲ್ಲೆಗಳಿಗೆ ಒಂದೊಂದಾಗಿ ಮಾತಾಡತೊಡಗಿದರು. ಕೆಲಸ ನಿಲ್ಲಿಸಿ, ಕೂಡಲೇ ನಿಲ್ಲಿಸಿ, ಕಾರಣ ಆಮೇಲೆ. ಕೊನೆಗೆ ಲೋಕೇಶನನ್ನು ಕರೆದು ವಾಲ್ವ್ ತೆರೆಯಲು ಹೇಳಿದರು. ನಾನು ಸಿದ್ಧಲಿಂಗನ ನಂಬರ್ ಒತ್ತಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಒತ್ತಿದೆ. ಮೂರನೆಯ ಸಲ ಒತ್ತುವ ಮೊದಲೇ ನೀಲಾಳ ಹೆಸರು ಬಂತು.

"ಅಕ್ಕಾ..." ಆಟೋದ ಸದ್ದು, ಅವಳ ಏದುಸಿರು. "ಇವರು ಖಣಿಯಾಗ ಬಿದ್ದಾರಂತಕ್ಕಾ. ಮೈ ಕೆಂಡ ಆಗ್ಯಾದಂತ, ಬೆವರ ಹನಿ ಇಲ್ಲಂತ. ಏನೇನೋ ಬಡಬಡಿಸಿ ಮಾತು ನಿಂತದಂತ. ಕಲಬುರಗಿಗಿ ಒಯ್ದಾರ, ನಾ ಹೊಂಟೀನಿ."

"ನೀ ಬಿಸಲಾಗ ಹೊರಗ ಬಂದಿಯೇನ?"

"ಮತ್ತೇನ್ ಮಾಡ್ಲಿ? ಮನ್ಯಾಗ ಕುಂದ್ರಲೇನು?" ಅವಳು ಅಳುತ್ತಿದ್ದಳು. "ಇಂಥಾ ಝಳ ಎಲ್ಲಿಂದ ಬಂತಕ್ಕಾ? ಇವತ್ತ ನಲವತ್ತೊಂದು ಅಂತ ನಿಮ್ಮವರೇ ಕಳಿಸ್ಯಾರ. ಇವರು ಹೊಂಟಾಗ ಅದನ್ನೇ ತೋರಿಸಿ, ಮಧ್ಯಾಹ್ನ ತನ ಕೆಲಸ ಮುಗಿಸಿ ಬರ್ತೀನಿ ಅಂದ್ರು. ನಿಮ್ಮ ಸಾಹೇಬ್ರಿಗಿ ಹೇಳಕ್ಕಾ. ಮೋಡ ಎಲ್ಲಿ ಹೋದ್ವು ಕೇಳು. ಮತ್ತ ತರಸು ಅನ್ನು. ನಂಗ ಕುದಿ ಆದ್ರೂ ಆಗ್ಲಿ, ನಾ ತಡಕೋತೀನಿ."

ಅವಳನ್ನೂ ಕೂಸನ್ನೂ ಬೇಯಿಸುತ್ತಿದ್ದ ಮೋಡವನ್ನು ಅವಳೇ ಗಂಡನಿಗಾಗಿ ಬೇಡುತ್ತಿದ್ದಳು. ಅವಳು ನಿಂತಿದ್ದ ಕಡೆ ಝಳ ಜೀವದಾನ ಕೊಟ್ಟಿತ್ತು, ಅವನು ನಿಂತಿದ್ದ ಕಡೆ ಜೀವ ತೆಗೆಯುತ್ತಿತ್ತು. ಒಂದೇ ಮನೆಯವರು, ಒಂದೇ ಹಾಸಿಗೆಯಿಂದ ಎದ್ದವರು. ನಮ್ಮ ಎರಡು ಲೋಕಗಳಲ್ಲೂ ಶಹಾಬಾದಕ್ಕೆ ಇದ್ದದ್ದು ನಕ್ಷೆಯ ಒಂದೇ ಚೌಕ. ಅದರಲ್ಲಿ ಇವರಿಬ್ಬರನ್ನೂ ನಾವು ಜನ ಎಂದು ಒಟ್ಟಿಗೆ ಬರೆದಿದ್ದೆವು.

ಮುಚ್ಚಿಡುವುದಕ್ಕೆ ಇನ್ನು ನನ್ನಿಂದಾಗಲಿಲ್ಲ.

"ನೀಲಾ, ಕೇಳು. ಮೋಡ ತಾನಾಗಿ ಹೋಗಿಲ್ಲ. ನಿನ್ನಿ ಮುಂಜಾನಿ ಇಲ್ಲಿ ದೋಣಿ ನಿಂತಾವ. ತಪ್ಪಿ ನಿಂತಾವ. ಅದಕ್ಕ ಕುದಿ ಹೋತು, ಅದಕ್ಕ ಝಳ ಬಂತು. ಈಗ ಮತ್ತ ಚಾಲೂ ಮಾಡ್ಯಾರ."

ಆಟೋ ಯಾವುದೋ ಗುಂಡಿಯಲ್ಲಿ ಹಾರಿದ ಸದ್ದು. ಅವಳು ನೋವಿಗೆ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಅಳು ನಿಂತಿತು. ಚಿಕ್ಕಂದಿನಲ್ಲಿ ಸಿಟ್ಟು ಬಂದಾಗ ಅವಳ ದನಿ ಹೀಗೇ ಮೆತ್ತಗಾಗುತ್ತಿತ್ತು.

"ನಿಂಗ ಯಾವಾಗ ಗೊತ್ತಾತು?"

"ನಿನ್ನಿ ಮಧ್ಯಾಹ್ನ."

"ಅದಕ್ಕ ನಂಗ ಹೊರಗ ಹೋಗಬ್ಯಾಡ ಅಂದಿ."

"ಹೌದು."

"ಆಗ ಇವರು ನನ್ನ ಮಗ್ಗಲದಾಗೇ ಇದ್ರು."

"ಕೇಳಸ್ತಿತ್ತು," ಎಂದೆ.

ಶಾನಭಾಗರು ಮಾತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಹಾಳೆಯ ಮೇಲೆ ಅವರ ಕನ್ನಡಕ ಹಾಗೇ ಇತ್ತು.

"ಅವರಿಗ್ಯಾಕ ಹೇಳಲಿಲ್ಲಕ್ಕಾ?" ಎಂದು ಕೇಳಿದಳು ನೀಲಾ.

ಅವಳು ಫೋನ್ ಇಡಲಿಲ್ಲ. ಕಲಬುರಗಿಯ ರಸ್ತೆಯುದ್ದಕ್ಕೂ, ನನ್ನ ಉತ್ತರ ಕೇಳಲೆಂದು, ಕಿವಿಗೆ ಹಿಡಿದುಕೊಂಡೇ ಇದ್ದಳು.